ದೇವರು ಮನೆ ಮುಟ್ಟುವ ತನಕ

ತೊಂದರೆ ಶುರುವಾದದ್ದು ಹೆಬ್ಬೆರಳಿನಷ್ಟು ಉದ್ದದ ಒಂದು ಪೆನ್‌ಡ್ರೈವಿನಿಂದ.

ಹರಪನಹಳ್ಳಿಯ ಆ ಪದವಿಪೂರ್ವ ಕಾಲೇಜಿನಲ್ಲಿ ಅಂದು ಜಾನಪದ ದಿನ. ಬೆಳಿಗ್ಗೆ ಹನ್ನೊಂದೂವರೆಗೆ ಅಮೃತಾ ಕುರಿ ಕಾಯುವ ಹುಡುಗಿಯ ವೇಷದಲ್ಲಿ ಕುಣಿಯಬೇಕಿತ್ತು. ಹೊಸ ಕಂಬಳಿಗೆ ಜರಿಯಂಚು ಹೊಲಿಸಿ, ಮೇಲೆ ಚಮಕಿ ಅಂಟಿಸಿ ಹೆಗಲಿಗೆ ಹಾಕಿಕೊಂಡಿದ್ದಳು. ಕೈಯಲ್ಲಿದ್ದ ಕೋಲಿಗೂ ಬಣ್ಣದ ಕಾಗದ ಸುತ್ತಿತ್ತು. ಅಂಥ ಕೋಲು ಕಂಡರೆ ನಿಜವಾದ ಕುರಿ ಎರಡು ಹೊಲ ದಾಟಿ ಓಡುತ್ತಿತ್ತೇನೋ, ಆದರೆ ನೋಡಲು ಮಾತ್ರ ಚೆನ್ನಾಗಿತ್ತು. ಕುಣಿತದ ಹಾಡು ತುಂಬಿದ್ದ ಪೆನ್‌ಡ್ರೈವನ್ನು ಸ್ಪೀಕರಿಗೆ ಎಷ್ಟು ಸಲ ಚುಚ್ಚಿದರೂ ಸ್ಪೀಕರು ಹೊಟ್ಟೆನೋವಿನ ಎಮ್ಮೆಯ ಹಾಗೆ ಒಮ್ಮೆ ಗುರ್ ಎಂದು ಸುಮ್ಮನಾಗುತ್ತಿತ್ತು.

ಕಾರ್ಯಕ್ರಮದ ಹೊಣೆ ಹೊತ್ತಿದ್ದವರು ಕನ್ನಡ ಉಪನ್ಯಾಸಕ ಪಾಲಾಕ್ಷಪ್ಪನವರು. ಇನ್ನೇನು ಕಾಲೇಜಿನ ಅಧ್ಯಕ್ಷರಾದ ಉಜ್ಜಿನಪ್ಪ ಸಾಹುಕಾರರು ಬರುವ ಹೊತ್ತು. ಅವರು ಬಂದಾಗ ವೇದಿಕೆ ಖಾಲಿ ಇದ್ದರೆ ಚೆನ್ನಾಗಿರುವುದಿಲ್ಲ. ಅದರಲ್ಲೂ ಅಮೃತಾ ಅವರ ಮಗಳು. ಪಾಲಾಕ್ಷಪ್ಪನವರು ಬೆವರು ಒರೆಸಿಕೊಂಡು, ಸಭಾಂಗಣದ ಹಿಂಭಾಗದ ಕಡೆ ಕೈ ಮಾಡಿದರು.

"ಬಸ್ಸಿನವರು ಯಾರರ ಒಂದು ಪದ ಹೇಳ್ರಿ. ಮೂರು ನಿಮಿಷ ಸಾಕು. ಅಷ್ಟರಾಗ ಇದು ರಿಪೇರಿ ಆಕ್ಕತಿ."

ಆ ಕಾಲೇಜಿನಲ್ಲಿ ಎರಡು ಕುಲಗಳಿದ್ದವು: ವ್ಯಾನಿನವರು, ಬಸ್ಸಿನವರು. ಕಾಲೇಜಿನ ಹಳದಿ ವ್ಯಾನಿನಲ್ಲಿ ಬರುವವರಿಗೆ ಮುಂದಿನ ಕುರ್ಚಿ. ಸರ್ಕಾರಿ ಬಸ್ಸಿನಲ್ಲಿ ಬಂದು, ಮೊದಲ ಪಾಠಕ್ಕೆ ತಡವಾಗಿ, ಬಾಗಿಲಲ್ಲಿ ನಿಂತು ಬೈಸಿಕೊಳ್ಳುವವರಿಗೆ ಹಿಂದಿನ ಜಮಖಾನ. ಹೀಗೆ ಕೂರಬೇಕೆಂದು ಯಾರೂ ಬರೆದಿಟ್ಟಿರಲಿಲ್ಲ. ಬರೆಯದಿದ್ದುದರಿಂದಲೇ ಅದನ್ನು ಅಳಿಸಲೂ ಬರುತ್ತಿರಲಿಲ್ಲ.

ಜಮಖಾನದ ಮೇಲಿದ್ದ ಶಿವಲೀಲಾ ತೆಲಿಗಿ ಎಂಬ ಊರಿನ ಬಸ್ಸಿನವಳು. ಊರಾಚೆಯ ಕುರಿಹಟ್ಟಿಯಿಂದ ನಡೆದುಬಂದು ಬಸ್ಸು ಹಿಡಿಯುತ್ತಿದ್ದಳು. ಕಾಲೇಜಿಗೆ ಸೇರಿ ವರ್ಷವಾಗುತ್ತ ಬಂದರೂ ವ್ಯಾನಿನವರಲ್ಲಿ ಒಬ್ಬರಿಗೂ ಅವಳ ಹೆಸರು ಗೊತ್ತಿರಲಿಲ್ಲ. "ಏ ತೆಲಿಗಿ, ಫ್ಯಾನ್ ಹಾಕು." "ಏ ತೆಲಿಗಿ, ಸ್ವಲ್ಪ ಸರಿ." ಅವಳಿಗೆ ಒಂದೇ ಆಸೆ. ಒಮ್ಮೆ, ಒಂದೇ ಒಂದು ಸಲ, ಆ ವೇದಿಕೆಯ ಮೇಲಿಂದ ಮೈಕಿನಲ್ಲಿ ತನ್ನ ಹೆಸರು ಕೇಳಬೇಕು. ಮುಂದಿನ ಕುರ್ಚಿಯವರೆಲ್ಲ ಕೂತಲ್ಲಿಂದಲೇ ಹಿಂದಿರುಗಿ ನೋಡಬೇಕು.

ಪಕ್ಕದಲ್ಲಿದ್ದ ಗೆಳತಿ ಭಾಗ್ಯ ಮೊಣಕೈಯಿಂದ ತಿವಿದಳು. "ಏಳಲೇ. ನಿಮ್ಮಜ್ಜಿ ಪದ ಹೇಳು."

ಶಿವಲೀಲಾ ಎದ್ದಳು.

ಅವಳ ಅಜ್ಜಿ ಜಂಬಕ್ಕನಿಗೆ ಓದು ಬರದು. ಆದರೆ ಕುರಿ ಕಾಯುವ ದೇವರು ಬೀರಪ್ಪನ ಪದಗಳು ಅವಳ ಎದೆಯಲ್ಲಿ ನೆಲದಡಿಯ ಹಗೇವಿನ ಜೋಳದಂತೆ ತುಂಬಿದ್ದವು. ತೆಗೆದಷ್ಟೂ ಮತ್ತಷ್ಟು ಸಿಗುತ್ತಿದ್ದವು. ಮೊಮ್ಮಗಳು ಅವನ್ನು ಕಲಿತದ್ದು ಹಾಲು ಕರೆಯುವಾಗ, ಉಣ್ಣೆ ಬಿಡಿಸುವಾಗ, ಅಜ್ಜಿಯ ಬೆನ್ನಿಗೆ ಬೆನ್ನು ಕೊಟ್ಟು ಸುಮ್ಮನೆ ಕೇಳುತ್ತ. ಕಲಿಸುವಾಗ ಅಜ್ಜಿ ಹಾಕಿದ್ದು ಒಂದೇ ಕಟ್ಟಳೆ: ದೇವರನ್ನು ದಾರಿಯಲ್ಲಿ ಬಿಟ್ಟು ಬಾಯಿ ಮುಚ್ಚಬಾರದು. ಮನೆಯಿಂದ ಹೊರಡಿಸಿದವರೇ ಮನೆ ಮುಟ್ಟಿಸಬೇಕು. ಇಲ್ಲದಿದ್ದರೆ ಅವನ ಕುರಿ ಚದುರುತ್ತವೆ, ನಡುವೆ ಎದ್ದುಹೋದವರ ಮನೆಯ ಕುರಿಯೂ ಚದುರುತ್ತವೆ.

ಅದಕ್ಕೇ ಶಿವಲೀಲಾ ತೊಟ್ಟಿಲ ಪದ ಹೇಳಬೇಕೆಂದುಕೊಂಡಳು. ಅದರಲ್ಲಿ ದೇವರು ಕೂಸು. ಎಲ್ಲಿಗೂ ಹೋಗುವುದಿಲ್ಲ. ಮೂರು ನಿಮಿಷದಲ್ಲಿ ನಿದ್ದೆ ಹೋಗುತ್ತಾನೆ.

"ಈಗ ಒಂದು ಜಾನಪದ ಗೀತೆ, ನಮ್ಮ ಈ... ವಿದ್ಯಾರ್ಥಿನಿಯಿಂದ," ಎಂದು ಪಾಲಾಕ್ಷಪ್ಪನವರು ಮೈಕನ್ನು ಅವಳ ಕೈಗಿತ್ತರು. ಹೆಸರು ಹೇಳಲಿಲ್ಲ. ಇರಲಿ, ಪದ ಮುಗಿದ ಮೇಲೆ ಕೇಳಿಯೇ ಕೇಳುತ್ತಾರೆ ಎಂದುಕೊಂಡು ಅವಳು ಕಣ್ಣು ಮುಚ್ಚಿ ಎತ್ತಿಕೊಂಡಳು.

ಹೊತ್ತು ಮೂಡಿತು, ಹಟ್ಟಿ ಬೆಳಗಾಯಿತು ಎಂಬ ಮೊದಲ ನುಡಿ ತೊಟ್ಟಿಲ ಪದಕ್ಕೂ ದೇವರು ಕುರಿ ಮೇಯಿಸಲು ಹೋಗುವ ಪದಕ್ಕೂ ಒಂದೇ. ಅಲ್ಲಿಂದ ಒಂದು ದಾರಿ ತೊಟ್ಟಿಲಿಗೆ, ಇನ್ನೊಂದು ಗುಡ್ಡಕ್ಕೆ. ಆ ನುಡಿ ಮುಗಿಯುವ ಹೊತ್ತಿಗೆ ಕಣ್ಣು ತೆರೆದವಳಿಗೆ ಎದುರಲ್ಲೇ ಕಂಡದ್ದು ಅಮೃತಾಳ ಹೆಗಲ ಮೇಲೆ ಮಿಣಮಿಣ ಹೊಳೆಯುವ ಕಂಬಳಿ. ಅದನ್ನು ಕಂಡದ್ದೇ ತಡ, ಅವಳ ನಾಲಿಗೆ ತಾನೇ ಎರಡನೇ ದಾರಿ ಹಿಡಿಯಿತು. ಬೀರಪ್ಪ ಕಂಬಳಿ ಹೊದ್ದ, ಕೋಲು ಹೆಗಲಿಗೇರಿಸಿದ, ಕುರಿಯ ಹಿಂಡು ಹೊಡೆದುಕೊಂಡು ಹೊಸ್ತಿಲು ದಾಟಿದ.

ದಾಟಿದ ಮೇಲೆಯೇ ಶಿವಲೀಲಾಳಿಗೆ ತಿಳಿದದ್ದು. ಮುಂದೆ ಏಳು ಗುಡ್ಡಗಳಿದ್ದವು. ಅಜ್ಜಿ ಬೆಳಿಗ್ಗೆ ಕಸ ಹೊಡೆಯುವಾಗ ಶುರು ಮಾಡಿದರೆ ಮಧ್ಯಾಹ್ನದ ಮುದ್ದೆ ಇಳಿಸುವಾಗ ಮುಗಿಸುತ್ತಿದ್ದ ಪದ ಅದು.

ಮೂರು ನಿಮಿಷಕ್ಕೆ ಪಾಲಾಕ್ಷಪ್ಪನವರು ಮೇಜಿನ ಮೇಲಿನ ಗಂಟೆ ಒತ್ತಿದರು. ಐದಕ್ಕೆ ಮತ್ತೊಮ್ಮೆ. ಏಳಕ್ಕೆ ಎದ್ದು ಬಂದು ಅವಳ ಮುಂದೆ ನಿಂತು, ಎಮ್ಮೆ ಅಟ್ಟುವವರಂತೆ ಎರಡೂ ಕೈ ಆಡಿಸಿದರು. ಅವಳು ತಲೆಯಾಡಿಸುತ್ತ ಹಾಡಿದಳು. ಕಣ್ಣಲ್ಲೇ ಬೇಡಿಕೊಂಡಳು. ಬಾಯಿ ಮಾತ್ರ ನಿಲ್ಲುವಂತಿರಲಿಲ್ಲ. ದೇವರು ಮೊದಲ ಗುಡ್ಡದ ಅರ್ಧಕ್ಕೆ ಏರಿದ್ದ.

ಪಾಲಾಕ್ಷಪ್ಪನವರು ಮೈಕಿನ ವೈರು ಕೀಳಲು ಬಗ್ಗಿದರು. ಅಷ್ಟರಲ್ಲಿ ಹಿಂದಿನಿಂದ ಯಾರೋ ಅವರ ಅಂಗಿಯ ತುದಿ ಹಿಡಿದರು. ಕಾಲೇಜಿನ ಅಟೆಂಡರ್ ದೊಡ್ಡಬೀರಪ್ಪ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮನುಷ್ಯ. ಇಷ್ಟು ವರ್ಷದಲ್ಲಿ ಯಾರ ಅಂಗಿಯನ್ನೂ ಹಿಡಿದವನಲ್ಲ.

"ಸರ್ರ, ಕೈ ಹಚ್ಚಬ್ಯಾಡ್ರಿ. ದೇವ್ರು ದಾರ್ಯಾಗ ಅದಾನ."

"ಯಾವ ದೇವ್ರು? ಯಾವ ದಾರಿ? ಇನ್ನ ಎಂಟು ಐಟಂ ಅದಾವು ಮಾರಾಯ."

"ಐಟಂ ನಾಳಿನೂ ಬರ್ತಾವ್ರಿ. ಕುರಿ ಚದುರಿದ್ರೆ ಬರಂಗಿಲ್ಲ."

ಅಷ್ಟು ಹೇಳಿ ಅವನು ಹೋಗಿ ಬಾಗಿಲಿಗೆ ಅಡ್ಡ ನಿಂತ. ಒಳಗಿದ್ದವರು ಹೊರಗೆ ಹೋಗುವಂತಿಲ್ಲ. ನೀರು ಕುಡಿಯಲು ಎದ್ದ ಇಬ್ಬರು ಹುಡುಗರನ್ನು, "ನಿಮ್ಮನ್ಯಾಗ ಎಷ್ಟ್ ಕುರಿ ಅದಾವಪ್ಪ?" ಎಂದು ಮೆಲ್ಲಗೆ ಕೇಳಿದ. ಅವರ ಮನೆಯಲ್ಲಿ ಒಂದು ಬೆಕ್ಕು ಬಿಟ್ಟರೆ ಏನೂ ಇರಲಿಲ್ಲ. ಆದರೂ ಬೆಕ್ಕಿಗೆ ಏನಾದರೂ ಆದೀತೆಂದು ಹೆದರಿ ಇಬ್ಬರೂ ಹೋಗಿ ಕುಳಿತುಕೊಂಡರು.

ಉಜ್ಜಿನಪ್ಪ ಸಾಹುಕಾರರ ಕಾರು ಬಂದಾಗ ದೇವರು ಎರಡನೇ ಗುಡ್ಡದಲ್ಲಿದ್ದ. ಸಾಹುಕಾರರದು ಗೊಬ್ಬರದ ಅಂಗಡಿ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ನಡೆಯುವಾಗ ಮುಂದೆ ಯಾರೂ ಇರಬಾರದೆಂಬ ನಡಿಗೆ. ದೊಡ್ಡಬೀರಪ್ಪ ಅವರಿಗೂ ಕೈ ಅಡ್ಡ ಹಿಡಿದ.

"ಯಾಕಲೇ ಬೀರ, ನನ್ನ ಕಾಲೇಜಿನ್ಯಾಗ ನನ್ನ ತಡೀತೀಯಾ?"

"ನಿಮ್ಮನ್ನಲ್ರಿ ಸಾವ್ಕಾರ್ರ. ಪದದಾಗ ಕುರಿ ಹಿಡಿಯಾಕ ತ್ವಾಳ ಹೊಂಚಾಕಿ ಕುಂತೈತ್ರಿ. ಬರೋದಾದ್ರೆ ಕೆರ ಬಿಟ್ಟು ಮೆಲ್ಲಕ ಬರ್ರಿ. ಬಂದ ಮ್ಯಾಲೆ ದೇವ್ರು ಮನಿ ಮುಟ್ಟಾಮಟ ಏಳಂಗಿಲ್ಲ ನೋಡ್ರಿ."

ಸಾಹುಕಾರರು ಬಾಯಿ ತೆರೆದರು. ಒಳಗಿನಿಂದ ಹಾಡು ಕೇಳಿಸಿತು. "ನಮ್ಮವ್ವನೂ ಹಿಂಗ ಅಂತಿದ್ಲು," ಎಂದು ತಮಗೆ ತಾವೇ ಹೇಳಿಕೊಂಡು, ಚಪ್ಪಲಿ ಬಿಟ್ಟು, ಮುಂದಿನ ಸೋಫಾಕ್ಕೆ ನಡೆದುಹೋದರೆ ಹಾಡಿಗೆ ಅಡ್ಡ ಬಂದಂತಾಗುತ್ತದೆಂದು, ಬಾಗಿಲ ಪಕ್ಕದಲ್ಲೇ ಬಸ್ಸಿನವರ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು.

ಅಧ್ಯಕ್ಷರು ನೆಲದ ಮೇಲೆ ಕುಳಿತದ್ದು ಕಂಡ ಪಾಲಾಕ್ಷಪ್ಪನವರು ಕುರ್ಚಿಯಿಂದ ನೆಲಕ್ಕೆ ಜಾರಿದರು. ಅವರ ಹಿಂದೆ ಉಳಿದ ಉಪನ್ಯಾಸಕರು ಜಾರಿದರು. ಮೇಷ್ಟರುಗಳೆಲ್ಲ ಕೆಳಗಿರುವಾಗ ತಾವು ಮೇಲಿರುವುದು ಹೇಗೆ ಎಂದು ವ್ಯಾನಿನವರು ಒಬ್ಬೊಬ್ಬರಾಗಿ ಇಳಿದು, ಜಮಖಾನದಲ್ಲಿ ಜಾಗ ಸಿಗುತ್ತದೇನೋ ಎಂದು ಹಿಂದೆ ಸರಿದರು. ಬಸ್ಸಿನವರು, "ಸ್ವಲ್ಪ ಒತ್ಕಂಡು ಕುಂದರ್ರಿ, ಜಾಗ ಆಕ್ಕತಿ," ಎಂದು ಜಾಗ ಕೊಟ್ಟರು. ಹತ್ತು ನಿಮಿಷದಲ್ಲಿ ಇನ್ನೂರು ಕುರ್ಚಿಗಳು ಖಾಲಿ ನಿಂತು, ಮನುಷ್ಯರನ್ನು ನೋಡುತ್ತಿದ್ದವು.

ಮೂರನೇ ಗುಡ್ಡದಲ್ಲಿ ಕರೆಂಟು ಹೋಯಿತು. ಪಾಲಾಕ್ಷಪ್ಪನವರ ಮುಖ ಅರಳಿತು. ಮೈಕು ಸತ್ತರೆ ಹಾಡೂ ನಿಂತೀತು. ಶಿವಲೀಲಾ ಮೈಕನ್ನು ಕೆಳಗಿಟ್ಟು ದನಿ ಏರಿಸಿದಳು. ಅದು ಮೂರು ಹೊಲದಾಚೆಯ ಕುರಿಯನ್ನು ತಿರುಗಿಸಿ ಕರೆತರುವ ಮನೆತನದ ದನಿ. ಕಿಟಕಿಯ ಗಾಜುಗಳು ಸಣ್ಣಗೆ ನಡುಗಿದವು. ಹೊರಗೆ ಮರದಡಿ ಮಲಗಿದ್ದ ವ್ಯಾನಿನ ಡ್ರೈವರ್ ಮಾರೇಶ್ ಎದ್ದು ಬಂದು, ಚಪ್ಪಲಿ ಬಿಟ್ಟು ಒಳಗೆ ಕುಳಿತ.

ಕುಣಿಯಲು ಕಾದು ಕಾದು ಅಮೃತಾಳ ಮುಖದ ಬಣ್ಣ ಇಳಿದು ಕೊರಳಿಗೆ ಬಂದಿತ್ತು. ಮೊದಲು ಸಿಟ್ಟಿನಿಂದ ನಿಂತಿದ್ದವಳು, ತಪ್ಪಿಸಿಕೊಂಡ ಮರಿಯನ್ನು ದೇವರು ಹುಡುಕುವ ನಾಲ್ಕನೇ ಗುಡ್ಡ ಬರುವಷ್ಟರಲ್ಲಿ ವೇದಿಕೆಯ ಅಂಚಿನಲ್ಲಿ ಕುಳಿತು ಮೂಗು ಒರೆಸಿಕೊಳ್ಳುತ್ತಿದ್ದಳು. ಮರಿ ಸಿಕ್ಕ ಮೇಲೆ ತಡೆಯಲಾರದೆ ಕೇಳಿದಳು.

"ಏ ತೆಲಿಗಿ, ಇನ್ನ ಎಷ್ಟು ಗುಡ್ಡ ಅದಾವು?"

ಉತ್ತರ ಹೇಳಿದರೆ ಪದ ನಿಲ್ಲುತ್ತದೆ. ಶಿವಲೀಲಾ ಹಾಡುತ್ತಲೇ ಮೂರು ಬೆರಳು ಎತ್ತಿ ತೋರಿಸಿದಳು. ಇಡೀ ಸಭೆ ಆ ಮೂರು ಬೆರಳು ನೋಡಿ ಒಟ್ಟಿಗೆ ಉಸಿರು ಬಿಟ್ಟಿತು.

ಅಡುಗೆಯವರು ಬಾಗಿಲಿಂದ ಇಣುಕಿ, ಉಪ್ಪಿಟ್ಟು ಆರಿಹೋಗುತ್ತಿದೆ ಎಂದರು. ಪಾಲಾಕ್ಷಪ್ಪನವರು ದೊಡ್ಡಬೀರಪ್ಪನ ಕಿವಿಯ ಹತ್ತಿರ ಬಾಗಿದರು. ಈಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹಸಿವಿತ್ತು.

"ಈ ದೇವ್ರು ಏನರ ಉಣ್ತಾನೇನೋ ನಡುವೆ?"

"ಐದ್ನೇ ಗುಡ್ಡದಾಗ ಬುತ್ತಿ ಬಿಚ್ತಾನ್ರಿ. ಆವಾಗ ನಾವೂ ಉಣ್ಣಾಕ ಅಡ್ಡಿಯಿಲ್ಲ. ಎದ್ದು ಮಾತ್ರ ಹೋಗಂಗಿಲ್ಲ."

ಐದನೇ ಗುಡ್ಡದಲ್ಲಿ ಬೀರಪ್ಪ ಬುತ್ತಿ ಬಿಚ್ಚಿದ. ಉಪ್ಪಿಟ್ಟಿನ ಪಾತ್ರೆಗಳು ಸಾಲಿನಿಂದ ಸಾಲಿಗೆ ಕೈಯಿಂದ ಕೈಗೆ ಬಂದವು. ತಟ್ಟೆ ಸಾಲದೆ ಸಾಹುಕಾರರೂ ಭಾಗ್ಯಳೂ ಒಂದೇ ಪೇಪರ್ ತಟ್ಟೆಯ ಎರಡು ಬದಿಯಿಂದ ತಿಂದರು. ದೇವರು ಹಳ್ಳಕ್ಕೆ ಬಾಗಿ ನೀರು ಕುಡಿಯುವ ನುಡಿ ಬಂದಾಗ ಶಿವಲೀಲಾ ಒಂದು ಉಸಿರೆಳೆಯುವಷ್ಟು ಹೊತ್ತು ನಿಂತು ಕೈ ಚಾಚಿದಳು. ಅಮೃತಾ ಚೊಂಬು ತಂದು, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

ಆರನೇ ಗುಡ್ಡ ಇಳಿಯುವಾಗ ಶಿವಲೀಲಾಳಿಗೆ ಒಂದು ವಿಷಯ ಹೊಳೆಯಿತು. ಅವಳ ಹೆದರಿಕೆ ಎಲ್ಲೋ ಎರಡನೇ ಗುಡ್ಡದ ಹತ್ತಿರವೇ ಉದುರಿಹೋಗಿತ್ತು. ಮುಂದೆ ಕುಳಿತವರಲ್ಲಿ ಯಾರು ವ್ಯಾನಿನವರು, ಯಾರು ಬಸ್ಸಿನವರು ಎಂದು ಹುಡುಕಿದರೂ ಗುರುತಾಗುತ್ತಿರಲಿಲ್ಲ. ಎಲ್ಲರ ಕಣ್ಣೂ ಒಂದೇ ಹಿಂಡಿನ ಹಿಂದೆ ಹೋಗುತ್ತಿದ್ದವು. ಅಜ್ಜಿ ಜಂಬಕ್ಕ ಹಟ್ಟಿಯ ಮೂಲೆಯಲ್ಲಿ ಕುಳಿತು, ಉಣ್ಣೆಯ ಧೂಳಿನಲ್ಲಿ ಕೆಮ್ಮುತ್ತ ಕಾಪಾಡಿಕೊಂಡು ಬಂದ ಬದುಕು ಇದು. ಇಷ್ಟು ದೊಡ್ಡ ಆಸ್ತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ತಾನು ವರ್ಷವಿಡೀ ತಲೆ ತಗ್ಗಿಸಿ ಕುಳಿತಿದ್ದೆನಲ್ಲ ಎಂದು ಅವಳಿಗೆ ನಗು ಬಂತು. ಬೆನ್ನು ತಾನಾಗಿ ನೆಟ್ಟಗಾಯಿತು.

ಏಳನೇ ಗುಡ್ಡ ಮುಗಿಯಿತೆಂದು ಜನ ಮಂಡಿ ಹಿಡಿದು ಏಳಲು ನೋಡಿದರು. ದೊಡ್ಡಬೀರಪ್ಪ ಕೈಯೆತ್ತಿದ. ಹಿಂಡು ಹಟ್ಟಿಯ ಬಾಗಿಲಿಗೆ ಬಂದರೆ ಸಾಲದು, ಒಂದೊಂದೇ ಕುರಿಯನ್ನು ಗುರುತು ಹಿಡಿದು ಒಳಗೆ ಬಿಡಬೇಕು. ಕರಿಮೂತಿಯದು ಬಂತು. ಸೀಳುಗಿವಿಯದು ಬಂತು. ಅವಳಿ ಹಾಕಿದ್ದು ಬಂತು. ಕುಂಟುಗಾಲಿನದು ಕೊನೆಗೆ ಬಂತು. ವ್ಯಾನಿನ ಡ್ರೈವರ್ ಮಾರೇಶ್ ಬೆರಳು ಮಡಚಿ ಎಣಿಸುತ್ತ, ಬೆರಳು ಸಾಲದೆ ಪಕ್ಕದವನ ಕೈ ತೆಗೆದುಕೊಂಡ.

ಬೀರಪ್ಪ ಹೊಸ್ತಿಲು ದಾಟಿ, ಕೋಲು ಮೂಲೆಗಿಟ್ಟು, ಕಂಬಳಿ ಹಾಸಿ ಕುಳಿತ. ಆಗ ಗಂಟೆ ಮೂರು. ತೆಲಿಗಿಯ ಬಸ್ಸು ಹೋಗಿ ಹತ್ತು ನಿಮಿಷವಾಗಿತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಗುಡಿಯಲ್ಲಿ ಯಾರು ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಉಜ್ಜಿನಪ್ಪ ಸಾಹುಕಾರರು ಎದ್ದು, ಕಣ್ಣೊರೆಸಿಕೊಂಡು ವೇದಿಕೆ ಹತ್ತಿದರು. ತಮಗೆ ಹಾಕಲು ತಂದಿದ್ದ ಹಾರವನ್ನು ಅವಳ ಕೊರಳಿಗೆ ಹಾಕಿದರು. ಅಷ್ಟರಲ್ಲಿ ಕರೆಂಟು ಬಂತು. ಅವರು ಮೈಕು ಹಿಡಿದರು.

"ಬಹುಮಾನ ಅಂತ ಇದ್ರೆ ಇದಕ್ಕ. ಉಳಿದ ಐಟಂ ಏನೂ ಬ್ಯಾಡ. ಅಮೃತಾ, ನೀನು ಮುಂದಿನ ವರ್ಷ ಕುಣಿಯವ್ವ." ಅಮೃತಾ ಹೂಂ ಎಂದು ತಲೆಯಾಡಿಸಿದಳು. ಸಾಹುಕಾರರು ಶಿವಲೀಲಾಳ ಕಡೆ ತಿರುಗಿ, ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದರು. "ನಿನ್ನ ಹೆಸರೇನವ್ವ ತಾಯಿ?"

ವರ್ಷದಿಂದ ಕಾದ ಗಳಿಗೆ. ಶಿವಲೀಲಾ ನೆಟ್ಟಗೆ ನಿಂತು, ಸಭೆಯನ್ನೊಮ್ಮೆ ನೋಡಿ, ಬಾಯಿ ತೆರೆದಳು.

ದನಿ ಬರಲಿಲ್ಲ.

ಮತ್ತೊಮ್ಮೆ ತೆರೆದಳು. ಒಳಗಿನಿಂದ ಒಣಗಿದ ಕೊಳವೆ ಬಾವಿಯಂತೆ ಬರೀ ಗಾಳಿ ಬಂತು. ಇದ್ದ ದನಿಯನ್ನೆಲ್ಲ ಏಳು ಗುಡ್ಡಗಳಲ್ಲಿ ಸುರಿದು, ಕೊನೆಯ ತೊಟ್ಟನ್ನು ಕುಂಟುಗಾಲಿನ ಕುರಿಗೆ ಕೊಟ್ಟಿದ್ದಳು.

"ಹೆಸರು ಹೇಳಂಗಿಲ್ಲೇನು?" ಸಾಹುಕಾರರು ಪಾಲಾಕ್ಷಪ್ಪನವರ ಕಡೆ ನೋಡಿದರು. "ಸರ್, ಈ ಹುಡುಗಿ ಹೆಸರೇನ್ರಿ?"

ಪಾಲಾಕ್ಷಪ್ಪನವರ ಹಣೆಯಲ್ಲಿ ಬೆವರಿನ ಹನಿ ಮೂಡಿತು. ವರ್ಷವಿಡೀ ಪಾಠ ಹೇಳಿದ ಹುಡುಗಿ. ಹಾಜರಿಗೆ ನಂಬರು ಕೂಗಿ ಅಭ್ಯಾಸ. ಹೆಸರು ಗೊತ್ತಿಲ್ಲ ಎಂದು ಅಧ್ಯಕ್ಷರ ಮುಂದೆ, ಅದೂ ಮೈಕಿನಲ್ಲಿ, ಹೇಳುವುದು ಹೇಗೆ? ಅವರು ಒಮ್ಮೆ ಕೆಮ್ಮಿದರು. ಇಪ್ಪತ್ತು ವರ್ಷ ಪಾಠ ಮಾಡಿದ ಪುಣ್ಯ ಆ ಕೆಮ್ಮಿನಲ್ಲಿ ಅವರ ಕೈ ಹಿಡಿಯಿತು.

"ಅಧ್ಯಕ್ಷರೇ, ಜಾನಪದ ಎಂದರೆ ಹೆಸರಿಲ್ಲದವರ ಸಾಹಿತ್ಯ. ಹಾಡಿದವರು ಹೆಸರು ಹೇಳಿಕೊಳ್ಳುವುದಿಲ್ಲ, ಬೇರೆಯವರೂ ಹೇಳಬಾರದು. ಈ ವಿದ್ಯಾರ್ಥಿನಿ ಆ ಪರಂಪರೆಯನ್ನು ಪಾಲಿಸುತ್ತಿದ್ದಾಳೆ. ನೋಡಿ, ಬಾಯಿ ತೆರೆದರೂ ಹೇಳುತ್ತಿಲ್ಲ."

ಸಭೆ ಆಹಾ ಎಂದಿತು. ಶಿವಲೀಲಾ ಎರಡೂ ಕೈ ಬೀಸಿ ಅಲ್ಲ, ಅಲ್ಲ ಎಂದಳು. ಹೊಗಳಿಕೆಯನ್ನೂ ಒಲ್ಲೆ ಎನ್ನುತ್ತಾಳೆಂದು ಸಭೆ ಇನ್ನೂ ಜೋರಾಗಿ ಆಹಾ ಎಂದಿತು.

ಹಿಂದಿನಿಂದ ಭಾಗ್ಯ ಎದ್ದಳು. "ಸರ್, ನಂಗೊತ್ತೈತ್ರಿ. ಆಕಿ ಹೆಸರು..."

"ಬಾಯಿ ಮುಚ್ಚವ್ವ," ಎಂದ ದೊಡ್ಡಬೀರಪ್ಪ. ಮೇಷ್ಟರ ಮಾತು ಅವನಿಗೆ ಆ ಕ್ಷಣದಿಂದಲೇ ತಲೆತಲಾಂತರದ ಕಟ್ಟಳೆಯಾಗಿತ್ತು. "ಇಷ್ಟೊತ್ತು ದೇವ್ರ ಹೆಸರು ಆಡಿದ ಜಾಗದಾಗ ಮನುಷ್ಯರ ಹೆಸರು ತರಬಾರ್ದು. ಕುರಿ ಈಗಷ್ಟೇ ಒಳಗ ಹೋಗ್ಯಾವು."

ಭಾಗ್ಯ ಕುಳಿತಳು. ಅವಳ ಮನೆಯಲ್ಲಿ ನಿಜವಾಗಿಯೂ ಕುರಿಗಳಿದ್ದವು.

ಶಿವಲೀಲಾಳ ಕಣ್ಣು ಸಾಹುಕಾರರ ಜೇಬಿನ ಪೆನ್ನಿನ ಮೇಲೆ ಬಿತ್ತು. ಕೈ ಹಾಕಿ ಎತ್ತಿಕೊಂಡೇಬಿಟ್ಟಳು. "ತಗಳವ್ವ, ತಗ. ನನ್ನ ಕಾಣಿಕಿ ಅಂತ ಇಟ್ಕ," ಎಂದು ಸಾಹುಕಾರರು ಕೈ ಮುಗಿದರು. ಅವಳು ಮೇಜಿನ ಮೇಲಿದ್ದ ಪ್ರಮಾಣಪತ್ರ ಎಳೆದುಕೊಂಡು, ಕುಮಾರಿ ಎಂಬುದರ ಮುಂದಿನ ಚುಕ್ಕಿಸಾಲಿನ ಮೇಲೆ ಪೆನ್ನು ಊರಿದಳು. ಪಾಲಾಕ್ಷಪ್ಪನವರು ಪ್ರಮಾಣಪತ್ರವನ್ನು ಮೃದುವಾಗಿ ಅವಳ ಕೈಯಿಂದ ಬಿಡಿಸಿಕೊಂಡು, ಎತ್ತಿ ಸಭೆಗೆ ತೋರಿಸಿದರು. "ಈ ಜಾಗ ಖಾಲಿಯೇ ಇರುತ್ತದೆ. ಇದು ನಮ್ಮ ಕಾಲೇಜಿನ ಹೆಮ್ಮೆ."

ಈ ಸಲ ಚಪ್ಪಾಳೆ ಸೂರು ಹಾರುವಂತೆ ಬಿತ್ತು.

ಬಸ್ಸು ತಪ್ಪಿದ್ದರಿಂದ ತೆಲಿಗಿಯವರೆಗೂ ವ್ಯಾನು ಹೋಗಲಿ ಎಂದು ಸಾಹುಕಾರರು ಅಪ್ಪಣೆ ಮಾಡಿದರು. ವ್ಯಾನಿನ ಬಾಗಿಲಲ್ಲಿ ಅಮೃತಾ ನಿಂತು, ಎಲ್ಲರನ್ನೂ ಹಿಂದೆ ಸರಿಸಿದಳು. "ತೆಲಿಗಿಯವರು ಬಂದ್ರು, ಜಾಗ ಬಿಡ್ರೇ. ಕಿಟಕಿ ಸೀಟು ಅವರಿಗೆ." ತನ್ನ ಚಮಕಿ ಕಂಬಳಿಯನ್ನು ಮಡಚಿ ಆ ಸೀಟಿನ ಮೇಲೆ ಹಾಸಿದಳು.

ಶಿವಲೀಲಾ ಹತ್ತಲಿಲ್ಲ. ಕೊರಳಲ್ಲಿ ಹಾರ, ಕೈಯಲ್ಲಿ ಖಾಲಿ ಪ್ರಮಾಣಪತ್ರ. ವ್ಯಾನಿನ ಕಿಟಕಿಯ ಗಾಜಿನ ಮೇಲೆ ಹೊರಗಡೆ ವಾರದ ಧೂಳು ದಪ್ಪಗೆ ಕೂತಿತ್ತು. ಅವಳು ಒಂದು ಹೆಜ್ಜೆ ಮುಂದೆ ಇಟ್ಟು, ತೋರುಬೆರಳಿನಿಂದ, ಎಲ್ಲರಿಗೂ ಕಾಣುವಂತೆ, ಒಂದೊಂದೇ ಅಕ್ಷರವನ್ನು ಗೇಣುದ್ದ ಬರೆಯತೊಡಗಿದಳು. ಶಿ. ವ. ಲೀ.

"ಅಯ್ಯ, ಅವ್ವಾರು ಕುಂದ್ರೋ ಕಿಟಕಿ, ಇಷ್ಟು ಧೂಳು ಇರಬಾರ್ದು ನೋಡ್ರಿ," ಎಂದು ಮಾರೇಶ್ ಓಡಿ ಬಂದು, ಒದ್ದೆ ಬಟ್ಟೆಯಿಂದ ಗಾಜನ್ನು ಈ ತುದಿಯಿಂದ ಆ ತುದಿಗೆ, ಭಕ್ತಿಯಿಂದ, ಎರಡು ಸಲ ಒರೆಸಿದ.